ಹನುಮಸಾಗರದ ಗುಡ್ಡದಲ್ಲಿ ಎಣ್ಣೆ ಸಿಕ್ಕಿದ್ದು

ಕುಷ್ಟಗಿಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜು ನಡೆಸುವ ಮನುಷ್ಯನಿಗೆ ತಿಳಿಯದ ಎಣ್ಣೆ ಈ ಭೂಮಂಡಲದಲ್ಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಗೇರ್ ಎಣ್ಣೆ, ಬ್ರೇಕ್ ಎಣ್ಣೆ, ಸುಟ್ಟ ಎಣ್ಣೆ, ಕಲಬೆರಕೆ ಎಣ್ಣೆ ಎಲ್ಲವನ್ನೂ ಮೂಸಿಯೇ ಹೇಳುತ್ತೇನೆ. ಹೀಗಿರುವಾಗ ಅಕ್ಕನ ಮಗಳು ವೀಣಾ ಫೋನ್ ಮಾಡಿ, ಹಳೆಯ ಕಲ್ಲುಗಳಿಂದ ಎಣ್ಣೆಯಂಥ ಪದಾರ್ಥ ತೆಗೆಯುವುದು ತನ್ನ ಪಿಎಚ್‌ಡಿ ವಿಷಯವೆಂದೂ, ಹನುಮಸಾಗರದ ಗುಡ್ಡದ ಕಲ್ಲು ಬೇಕೆಂದೂ, ಮಾಮ ಸ್ವಲ್ಪ ಸಹಾಯ ಮಾಡಬೇಕೆಂದೂ ಕೇಳಿದಳು. ಹುಡುಗಿ ಸರಿಯಾದ ಮನುಷ್ಯನನ್ನೇ ಹಿಡಿದಿದ್ದಾಳೆ ಅನಿಸಿತು.

ಊರಿಗೆ ಬಂದವಳು ಚಹಾ ಕುಡಿಯುತ್ತ ವಿಷಯ ಬಿಡಿಸಿ ಹೇಳಿದಳು. ನಮ್ಮ ಕಡೆ ಒಂದು ಕಾಲಕ್ಕೆ ಸಮುದ್ರವಿತ್ತಂತೆ. ನಳದ ನೀರು ಯಾವಾಗ ಬರುತ್ತದೆಂದು ಕೊಡ ಇಟ್ಟುಕೊಂಡು ಕಾಯುವ ಊರಿನಲ್ಲಿ ಸಮುದ್ರ! ನಾನು ತಲೆಯಾಡಿಸಿದೆ. ಆ ಸಮುದ್ರದ ತಳದಲ್ಲಿ ಕೆಸರು, ಉಸುಕು, ಖನಿಜ ಎಲ್ಲ ಪದರು ಪದರಾಗಿ ಕೂತು ಕಲ್ಲಾಯಿತಂತೆ. ಕಣ್ಣಿಗೆ ಕಾಣದ ಜೀವಿಗಳು ಅದರೊಳಗೆ ಸಿಕ್ಕು ಸತ್ತವಂತೆ. ಅವುಗಳ ಮೈಯ ಜಿಡ್ಡು ಇಂದಿಗೂ ಒಂದು ಚೂರು ಕಲ್ಲಿನೊಳಗೆ ಉಳಿದಿರಬಹುದಂತೆ. ಕಲ್ಲು ಕುಟ್ಟಿ ಪುಡಿ ಮಾಡಿ, ಔಷಧಿಯಲ್ಲಿ ನೆನೆಸಿ, ಆ ಜಿಡ್ಡನ್ನು ಹೊರಗೆಳೆದು ಯಂತ್ರಕ್ಕೆ ಕೊಟ್ಟರೆ ಅದು ಯಾವ ಜೀವಿಯದೆಂದು ಗೊತ್ತಾಗುತ್ತದೆ.

"ಗಾಣ ಇದ್ದಂಗ ಬಿಡು," ಎಂದೆ.

"ಹಂಗ ಅನ್ಕೋರಿ ಮಾಮಾ," ಎಂದಳು ವೀಣಾ. ಆಮೇಲೆ ದನಿ ಸಣ್ಣದು ಮಾಡಿದಳು. ಇದುವರೆಗೆ ತಂದ ಕಲ್ಲುಗಳಲ್ಲಿ ಏನೂ ಸಿಕ್ಕಿರಲಿಲ್ಲ. ಈ ಸಲವೂ ಸಿಗದಿದ್ದರೆ ವಿಷಯವನ್ನೇ ಬದಲಿಸು ಎಂದು ಗೈಡ್ ಹೇಳಿಬಿಟ್ಟಿದ್ದರು. ಅಷ್ಟು ವರ್ಷ ಓದಿದ್ದು ನೀರಲ್ಲಿ ಹೋಮ. ನಾನಿರುವಾಗ ನನ್ನ ಸೋದರ ಸೊಸೆ ಬರಿಗೈಯಲ್ಲಿ ಹೋಗುವುದೆಂದರೇನು?

ಗುಡ್ಡ ಹತ್ತಿದ ಕೂಡಲೇ ಒಂದು ಚಂದದ ಪದರಗಲ್ಲು ಎತ್ತಿ ಅವಳ ಕೈಗಿಟ್ಟೆ. ಅವಳು ಅದನ್ನು ಎಸೆದಳು. ನನ್ನ ಬೆರಳಿನ ಜಿಡ್ಡು ಹತ್ತಿತಂತೆ. ಕೈಯನ್ನು ಸೋಪು ಹಚ್ಚಿ ತೊಳೆದು ಇನ್ನೊಂದು ಎತ್ತಿದೆ. ಅದನ್ನೂ ಎಸೆದಳು. ಸೋಪಿನಲ್ಲೂ ಜಿಡ್ಡೇ ಇರುತ್ತದಂತೆ. ಮೂರನೆಯದನ್ನು ಜಾಣತನದಿಂದ ಪೇಪರಿನಲ್ಲಿ ಹಿಡಿದು ತಂದೆ. ಆ ಪೇಪರಿನಲ್ಲಿ ನಾವು ಆಗಷ್ಟೇ ಮಿರ್ಚಿ ಭಜಿ ತಿಂದಿದ್ದೆವು. ವೀಣಾ ಆ ಕಲ್ಲನ್ನು ಮೊದಲಿನವಕ್ಕಿಂತ ದೂರ ಎಸೆದಳು.

ಕೊನೆಗೆ ಅವಳೇ ಕೈಗವಸು ಹಾಕಿಕೊಂಡು, ಸುತ್ತಿಗೆಯಿಂದ ಬಂಡೆಯ ಒಳಪದರು ಬಿಡಿಸಿ, ಕಪ್ಪನೆಯ ಒಂದು ಕಲ್ಲನ್ನು ಬೆಳ್ಳಿಬಣ್ಣದ ಹಾಳೆಯಲ್ಲಿ ಸುತ್ತಿದಳು. ನೋಡಿದರೆ ಕೂಸನ್ನು ಸುತ್ತಿದ ಹಾಗಿತ್ತು. ಮರುದಿನ ಬೆಳಿಗ್ಗೆ ಅವಳು ಯಲಬುರ್ಗಾ ಕಡೆಯ ಇನ್ನೊಂದು ಗುಡ್ಡ ನೋಡಲು ಹೊರಟಳು. ಹೋಗುವಾಗ ಕಲ್ಲನ್ನು ನನ್ನ ವಶಕ್ಕೆ ಕೊಟ್ಟಳು.

"ಮಾಮಾ, ಯಾರೂ ಮುಟ್ಟಬಾರದು. ನೀವೂ ಮುಟ್ಟಬ್ಯಾಡ್ರಿ."

ಯಾರೂ ಮುಟ್ಟದ ಜಾಗ ನಮ್ಮ ಮನೆಯಲ್ಲಿ ಒಂದೇ, ದೇವರ ಜಗಲಿ. ಸ್ನಾನವಿಲ್ಲದೆ ಅಲ್ಲಿಗೆ ನೊಣ ಹೋದರೂ ನಮ್ಮ ಅವ್ವ ಬಿಡುವವಳಲ್ಲ. ಕಲ್ಲನ್ನು ಅಲ್ಲಿಟ್ಟೆ. ಅವ್ವ ಅದೇನೆಂದು ಕೇಳಿದಳು. ಒಂದೇ ಮಾತಿನಲ್ಲಿ "ಕಲ್ಲು" ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹೊಸದಾಗಿ ಕಲಿತ ವಿದ್ಯೆ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ಇದು ಹನುಮಸಾಗರದ ಗುಡ್ಡದ್ದೆಂದೂ, ಮನುಷ್ಯರು ಹುಟ್ಟುವ ಎಷ್ಟೋ ಮೊದಲಿನದೆಂದೂ, ಇದರೊಳಗೆ ಜೀವವಿತ್ತೆಂದೂ, ಬರಿಗೈಯಲ್ಲಿ ಮುಟ್ಟಿದರೆ ಕೆಡುತ್ತದೆಂದೂ, ಅದಕ್ಕೇ ವೀಣಾ ಮಡಿಯಿಂದ ತಂದಿದ್ದಾಳೆಂದೂ ಗಂಭೀರವಾಗಿ ಉಪನ್ಯಾಸ ಕೊಟ್ಟೆ. ಅವ್ವ ಕೈ ಮುಗಿದಳು. ವಿಜ್ಞಾನದ ಮೇಲೆ ಅವ್ವನಿಗಿರುವ ಗೌರವ ಕಂಡು ಹೆಮ್ಮೆಪಟ್ಟು ಗ್ಯಾರೇಜಿಗೆ ಹೊರಟೆ.

ಅಂದು ಶನಿವಾರ. ಹನುಮಪ್ಪನ ವಾರ.

ಮಧ್ಯಾಹ್ನ ಊಟಕ್ಕೆ ಬಂದು ನೋಡುತ್ತೇನೆ, ಬೆಳ್ಳಿಹಾಳೆ ಬಿಚ್ಚಿ ಮೂಲೆಗೆ ಹೋಗಿದೆ. ಕಲ್ಲಿಗೆ ಹಾಲಿನ ಅಭಿಷೇಕವಾಗಿ, ತಲೆಯಿಂದ ಬುಡದವರೆಗೆ ಎಳ್ಳೆಣ್ಣೆ ಇಳಿದು, ಮೇಲೆ ಸಿಂಧೂರ ಏರಿದೆ. ಎದುರಿಗೆ ಕರ್ಪೂರ ಉರಿಯುತ್ತಿದೆ. ಪಕ್ಕದ ಮನೆಯವರು ಆಗಲೇ ಕಾಯಿ ಒಡೆಸಿಕೊಂಡು ಹೋಗಿದ್ದರು. ಅವ್ವ ಸ್ನಾನ ಮಾಡಿ, ಮಡಿ ಉಟ್ಟು, ಎಲ್ಲ ನಿಯಮದಿಂದಲೇ ಮಾಡಿದ್ದಳು. ಅವಳಿಗೆ ಏನಂತ ಬೈಯಲಿ? ಜೀವವಿತ್ತು ಎಂದವನು ನಾನೇ.

ಬೆರಳಿನ ಜಿಡ್ಡಿಗೇ ಕಲ್ಲು ಎಸೆದ ಹುಡುಗಿ ಇದನ್ನು ನೋಡಿದರೆ ನನ್ನನ್ನೇ ಎಸೆದಾಳು. ವೀಣಾಗೆ ಫೋನ್ ಮಾಡಿ ಹೇಳಿಬಿಡೋಣ ಎಂದಳು ನನ್ನ ಹೆಂಡತಿ ಶಾರದಾ. ಹೇಳಬಹುದಿತ್ತು. ಆದರೆ ಜಿಡ್ಡು ತೆಗೆಯುವ ಕಲೆಯಲ್ಲಿ ಅರ್ಧ ಆಯುಷ್ಯ ಸವೆಸಿದ ನಾನು ಒಂದು ಕಲ್ಲಿಗೆ ಹೆದರುವುದೇ? ಎಂಥ ಗ್ರೀಸು ಮೆತ್ತಿದ ಗೇರ್‌ಬಾಕ್ಸಾದರೂ ಒಂದರಿಂದಲೇ ಹೊಸದಾಗುತ್ತದೆ.

ಡೀಸೆಲ್.

ಬಕೆಟ್ಟಿನಲ್ಲಿ ಡೀಸೆಲ್ ಸುರಿದು ಕಲ್ಲನ್ನು ಸಂಜೆವರೆಗೆ ನೆನೆಯಿಟ್ಟೆ. ಬ್ರಷ್ಷಿನಿಂದ ಪದರು ಪದರು ತಿಕ್ಕಿದೆ. ಸಿಂಧೂರ ಹೋಯಿತು, ಎಳ್ಳೆಣ್ಣೆ ಹೋಯಿತು. ಸೋಪಿನಪುಡಿ ಹಾಕಿ ತೊಳೆದು, ಬಟ್ಟೆಯಿಂದ ಒರೆಸಿ, ಚಪಾತಿ ಸುತ್ತುವ ಹೊಸ ಬೆಳ್ಳಿಹಾಳೆಯಲ್ಲಿ ಸುತ್ತಿಟ್ಟೆ. ಕಲ್ಲು ಗುಡ್ಡದಲ್ಲಿದ್ದಾಗ ಇಲ್ಲದಷ್ಟು ಫಳಫಳ ಹೊಳೆಯುತ್ತಿತ್ತು. ವಾಸನೆ ಬಂದಿರಲೇಬೇಕು. ಆದರೆ ನಮ್ಮ ಮನೆಯಲ್ಲಿ ನನ್ನ ಅಂಗಿಯಿಂದ ಹಿಡಿದು ಸೋಫಾದವರೆಗೆ ಅದೇ ವಾಸನೆ. ಮರಳಿ ಬಂದ ವೀಣಾ ಅನುಮಾನಪಡಲಿಲ್ಲ, ಕಲ್ಲು ತೆಗೆದುಕೊಂಡು ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದಳು.

ಕೆಲವು ವಾರ ಕಳೆದ ಮೇಲೆ ಫೋನ್ ಬಂತು. ವೀಣಾ ಒಂದೇ ಉಸಿರಿಗೆ ಹೇಳಿದಳು.

"ಮಾಮಾ, ಕಲ್ಲಿನಾಗ ಸಿಕ್ತು! ಚೂರುಪಾರು ಅಲ್ಲ, ಭಾಳ ಐತಿ. ಥೇಟ್ ಕಚ್ಚಾ ಎಣ್ಣಿ ಇದ್ದಂಗ ಐತಿ. ನಮ್ಮ ಸರ್‌ಗೆ ನಿದ್ದಿನ ಹತ್ತವಲ್ತು."

ಓದುಗರೇ, ಈಗ ನೀವು ನಗುತ್ತಿದ್ದೀರಿ. ನಾನು ನಗಲಿಲ್ಲ, ನಂಬಿದೆ! ಹನುಮಸಾಗರದಲ್ಲಿ ಎಣ್ಣೆ ಸಿಕ್ಕಿತೆಂದು ಕುಣಿದೆ. ಗ್ಯಾರೇಜಿಗೆ ಬಂದವರಿಗೆಲ್ಲ ಪೇಢೆ ಹಂಚಿದೆ. ಗುಡ್ಡದ ಬುಡದಲ್ಲಿ ಹೊಲವಿದ್ದ ಗಿರಾಕಿಯೊಬ್ಬನಿಗೆ, ಈಗ ಮಾರಬೇಡ, ಬಾವಿ ತೋಡಿದರೆ ನೀನೇ ಅರಬಸ್ತಾನದ ಶೇಖ ಎಂದು ಸಲಹೆಯನ್ನೂ ಕೊಟ್ಟೆ. ರಾತ್ರಿ ಊಟಕ್ಕೆ ಕೂತು ಶಾರದಾಗೆ ಇದನ್ನೆಲ್ಲ ವರ್ಣಿಸುತ್ತಿದ್ದೆ. ಅವಳು ರೊಟ್ಟಿ ಹಾಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಅಲ್ರೀ, ಆ ಕಲ್ಲು ನೀವು ಯಾತರಾಗ ತೊಳದಿದ್ರಿ?"

ಕೈಯಲ್ಲಿದ್ದ ತುತ್ತನ್ನು ತಾಟಿಗಿಟ್ಟೆ. ಡೀಸೆಲ್ಲೂ ಕಚ್ಚಾ ಎಣ್ಣೆಯಿಂದಲೇ ಆಗುವುದು. ಹಾಗಾದರೆ ಅದೂ ಹಳೆಯ ಜೀವಿಗಳದೇ ಜಿಡ್ಡಲ್ಲವೇ? ಅಂದರೆ ವೀಣಾಗೆ ಸಿಕ್ಕಿದ್ದು ತಪ್ಪೋ ಸರಿಯೋ? ಕಲ್ಲಿನದು ಎಷ್ಟು, ಬಕೆಟ್ಟಿನದು ಎಷ್ಟು? ಶಾರದಾಳನ್ನೇ ಕೇಳಿದೆ. ಅವಳು ಫೋನು ನನ್ನ ಮುಂದೆ ಇಟ್ಟಳು. ಮುಂದಿನ ವಾರವೇ ದೊಡ್ಡ ದೊಡ್ಡ ವಿಜ್ಞಾನಿಗಳ ಸಭೆಯಲ್ಲಿ ವೀಣಾ ಈ ಎಣ್ಣೆಯ ಬಗ್ಗೆ ಮಾತಾಡುವವಳಿದ್ದಳು. ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಇಂದಲ್ಲ ನಾಳೆ ಅವಳದು ಹೋಗುತ್ತಿತ್ತು. ನಾಚುತ್ತಲೇ ವೀಣಾಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ: ಹನುಮಪ್ಪ, ಹಾಲು, ಎಳ್ಳೆಣ್ಣೆ, ಬಕೆಟ್ಟು.

ಅತ್ತ ಕಡೆ ಮೂಗು ಸೇದುವ ಸದ್ದು ಕೇಳಿಸಿತು. ಅಳುತ್ತಿದ್ದಾಳೆ ಎಂದುಕೊಂಡೆ. ಅಳುತ್ತಲೇ ಇದ್ದಳು.

"ಮಾಮಾ," ಎಂದಳು ಕೊನೆಗೆ, "ಆ ಡೀಸೆಲ್ ಇನ್ನೂ ಉಳದೈತೇನ್ರಿ? ಒಂದು ಬಾಟಲಿ ಕಳಸ್ರಿ."

ಕಳಿಸಿದೆ. ಯಂತ್ರಕ್ಕೆ ಹಾಕಿ ನೋಡಿದರಂತೆ. ಕಲ್ಲಿನ ಎಣ್ಣೆ ಮತ್ತು ನನ್ನ ಗ್ಯಾರೇಜಿನ ಎಣ್ಣೆ ಅವಳಿಜವಳಿ. ಸಭೆಯಲ್ಲಿ ವೀಣಾ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳ ಗೈಡ್ ಪುಣ್ಯಾತ್ಮರು. ಮೊದಲು ಕೂಗಾಡಿದರು, ಆಮೇಲೆ ಸುಳ್ಳು ಹೇಳದ ವಿದ್ಯಾರ್ಥಿಗೆ ಇನ್ನೊಂದು ಅವಕಾಶ ಕೊಡುತ್ತೇನೆ, ಹೊಸ ಕಲ್ಲು ತಾ ಎಂದರು. ಸಭೆಗೆ ಬಂದ ವಿಜ್ಞಾನಿಗಳು ಆ ಬಕೆಟ್ಟಿನ ಕಥೆಯನ್ನು ಮಾತ್ರ ಮತ್ತೆ ಮತ್ತೆ ಹೇಳಿಸಿಕೊಂಡರಂತೆ.

ಹೋದ ತಿಂಗಳು ವೀಣಾ ಮತ್ತೆ ಬಂದಳು. ನಮ್ಮ ಕಾರನ್ನು ತಾನೇ ನಡೆಸಿದಳು. ಸಹಾಯಕ್ಕೆ ಶಾರದಾಳನ್ನು ಗುಡ್ಡ ಹತ್ತಿಸಿದಳು. ನನಗೂ ಒಂದು ಜವಾಬ್ದಾರಿ ಬೇಕೆಂದು ಗೋಗರೆದಾಗ, ಗಾಳಿ ಬೀಸುವ ದಿಕ್ಕು ನೋಡಿಕೊಂಡು, ನನ್ನ ವಾಸನೆ ಕಲ್ಲಿನ ಕಡೆ ಬರದ ಹಾಗೆ ದೂರ ನಿಲ್ಲಬೇಕೆಂದಳು. ಗಾಳಿ ತಿರುಗಿದ ಹಾಗೆಲ್ಲ ಗುಡ್ಡದ ಬುಡದಲ್ಲಿ ನಾನೂ ತಿರುಗುತ್ತಿದ್ದೆ. ಕುರಿ ಕಾಯುವವನೊಬ್ಬ ಏನು ಹರಕೆ ಹೊತ್ತೀರಿ ಎಂದು ಕೇಳಿದ.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ, ನನ್ನ ಜಾಗದಲ್ಲಿ, ಕಲ್ಲು ಬೆಲ್ಟು ಹಾಕಿಕೊಂಡು ಕೂತಿತು. "ಮಾಮಾ, ತಪ್ಪು ತಿಳ್ಕೋಬ್ಯಾಡ್ರಿ, ನೀವು ಬಸ್ಸಿಗೆ ಬರ್ರಿ," ಎಂದು ವೀಣಾ ಪ್ರೀತಿಯಿಂದಲೇ ಹೇಳಿ ಕಿಟಕಿ ಏರಿಸಿದಳು. ಹನುಮಸಾಗರದಲ್ಲಿ ಕುಷ್ಟಗಿ ಬಸ್ಸು ಹತ್ತಿ, ಖಾಲಿ ಸೀಟು ಸಿಕ್ಕಿದ್ದಕ್ಕೆ ಖುಷಿಯಿಂದ ಕೂತೆ. ಪಕ್ಕದ ಹಿರಿಯರು ಒಂದೆರಡು ಸಲ ಮೂಗು ಅರಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಎದ್ದು ಹೋಗಿ, ಬಸ್ಸಿನ ಟ್ಯಾಂಕ್ ಸೋರುತ್ತಿದೆ ನೋಡಪ್ಪಾ ಎಂದು ಡ್ರೈವರನಿಗೆ ದೂರು ಕೊಟ್ಟರು.