ಬೋಗುಣಿಯ ಮೇಲೆ ಕೊರೆಸಿದ್ದು

ನನಗೆ ಸಿಟ್ಟು ಬಂದರೆ ಬಾಯಿ ಕಟ್ಟಿಹೋಗುತ್ತದೆ. ಆಡಬೇಕಾದ ಮಾತೆಲ್ಲ ಜಗಳ ಮುಗಿದ ಮೇಲೆ, ಪಾತ್ರೆ ತೊಳೆಯುವಾಗ ಹೊಳೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ನಿಮ್ಮಪ್ಪ ರಾಮು ನಿಮ್ಮೆದುರಿಗೇ, "ನಮ್ಮಮ್ಮ ನಮ್ಮ ಚಿಕ್ಕಂದಿನದು ಒಂದೂ ಉಳಿಸಲಿಲ್ಲ ಕಣ್ರೋ, ಒಂದು ಫೋಟೋನೂ ಇಲ್ಲ" ಅಂದನಲ್ಲ, ನೀವೂ ಅಯ್ಯೋ ಪಾಪ ಅನ್ನುವ ಹಾಗೆ ಅವನ ಮುಖ ನೋಡಿದಿರಲ್ಲ, ಆಗಿನಿಂದ ನನಗೆ ಊಟ ಸೇರುತ್ತಿಲ್ಲ. ಉಳಿಸಬೇಕಂತೆ! ಚಾಮರಾಜಪೇಟೆಯ ವಠಾರದಲ್ಲಿ ಅಷ್ಟೂ ಮನೆಗೆ ಒಂದೇ ನಲ್ಲಿ. ಸೊಂಟದಲ್ಲೊಂದು ಮಗು, ಸೆರಗು ಹಿಡಿದದ್ದೊಂದು, ಒಲೆಯ ಮೇಲೆ ಉಕ್ಕುವ ಹಾಲು. ಫೋಟೋ ತೆಗೆಸಲು ಹೋಗಿ ಕೂತಿದ್ದರೆ ಇವನಿಗೆ ಅನ್ನ ಯಾರು ಕಲಸುತ್ತಿದ್ದರು?

ಆದರೂ ಉಳಿಸಿದ್ದೆ. ಪಾತ್ರೆಗೆ ಹೆಸರು ಕೊರೆಯುವವನು ಆಗ ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದ. ವಠಾರದಲ್ಲಿ ಒಬ್ಬರ ಪಾತ್ರೆ ಇನ್ನೊಬ್ಬರ ಮನೆಗೆ ಹೋಗುವುದು ಇದ್ದದ್ದೇ. ಹೆಸರಿದ್ದರೆ ಹಿಂದಕ್ಕೆ ಬರುತ್ತಿತ್ತು. ನಿಮ್ಮ ತಾತ ತಮ್ಮ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟು ಆಫೀಸಿಗೆ ಹೋಗಿದ್ದರು. ಆವತ್ತೇ, ನಾನು ಬೇಳೆ ತೊಳೆದು ತಿರುಗುವಷ್ಟರಲ್ಲಿ, ಇನ್ನೂ ಸರಿಯಾಗಿ ಮಾತು ಬಾರದ ರಾಮು ಹೊಸ ಹಿತ್ತಾಳೆ ಬೋಗುಣಿಯ ಮುಂದೆ ನಿಂತು, ಆಚೆಗೆ ಒಂದು ಹನಿ ಚೆಲ್ಲದಂತೆ ಕೆಲಸ ಮುಗಿಸಿ, ದೊಡ್ಡ ಸಾಹೇಬರ ಗತ್ತಿನಲ್ಲಿ ನನ್ನನ್ನು ನೋಡಿ ನಕ್ಕ. ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಈ ಗಡಿಬಿಡಿಯಲ್ಲಿ ನಾಳೆಗೇ ಈ ನಗು ನನಗೆ ಮರೆತುಹೋಗುತ್ತದಲ್ಲ ಅನ್ನಿಸಿತು. ಹುಣಸೆಹಣ್ಣು ಹಾಕಿ ಬೋಗುಣಿಯನ್ನು ತಿಕ್ಕಿ ತಿಕ್ಕಿ ತೊಳೆದೆ. ತಾತನ ಚೀಟಿ ಪಕ್ಕಕ್ಕಿಟ್ಟು, ಹಳ್ಳಿ ಶಾಲೆಯಲ್ಲಿ ಕಲಿತ ಗುಂಡು ಅಕ್ಷರದಲ್ಲಿ ಬೇರೆ ಚೀಟಿ ಬರೆದು ಬಾಗಿಲ ಸಂದಿಯಿಂದ ನೀಡಿದೆ. ಕೊರೆಯುವವನು ಓದಿ, "ಅಮ್ಮಾವ್ರೇ, ಇದನ್ನೇ ಕೊರೀಲಾ?" ಅಂದ. "ಹೂಂ" ಅಂದೆ. ಹೊರಗಿನ ಗಂಡಸರೊಡನೆ ಅದಕ್ಕಿಂತ ಉದ್ದದ ಮಾತು ನನಗೆ ಬರುತ್ತಿರಲಿಲ್ಲ. 'ರಾಮು ಇದರಲ್ಲಿ ಉಚ್ಚೆ ಹೊಯ್ದು ನಕ್ಕನು' ಎಂದು ಅಂಚಿನಲ್ಲಿ ಮುದ್ದಾಗಿ ಕೂತಿತು.

ಸ್ವಲ್ಪ ಕಾಲದ ಮೇಲೆ ಪಕ್ಕದ ಮನೆಯ ಸೀಮಂತಕ್ಕೆ ಆ ಬೋಗುಣಿ ಹೋಯಿತು. ಕೋಸಂಬರಿ ತುಂಬಿಕೊಂಡು ಪಂಕ್ತಿಯಲ್ಲಿ ಬಡಿಸಿಕೊಂಡು ಬಂದವರು ಬೇರೆ ಯಾರೂ ಅಲ್ಲ, ನಿಮ್ಮ ತಾತನ ಅಕ್ಕ, ಮಲ್ಲೇಶ್ವರದ ಸುಬ್ಬಮ್ಮ. ನಡುವೆ ಯಾರೋ ಹುಡುಗಿ ಅಂಚನ್ನು ಗಟ್ಟಿಯಾಗಿ ಓದಿಬಿಟ್ಟಳು. ಎಲೆಯ ಮೇಲಿನ ಕೋಸಂಬರಿ ಎಲೆಯ ಮೇಲೇ ಉಳಿಯಿತು. ಅತ್ತಿಗೆ ಬೋಗುಣಿ ಸಮೇತ ನಮ್ಮ ಮನೆಗೆ ನುಗ್ಗಿ, "ನನ್ನ ತಮ್ಮನ ಹೆಸರಿರಬೇಕಾದ ಜಾಗದಲ್ಲಿ ಉಚ್ಚೆ ಹೊಯ್ಸಿದೀಯಲ್ಲೇ ಮಹಾರಾಯ್ತಿ! ಮನೆ ಮರ್ಯಾದೆ ಎಲ್ಲಿ ಹೋಯ್ತೇ?" ಎಂದು ವಠಾರವೆಲ್ಲ ಕೇಳುವಂತೆ ಕೂಗಿದರು. ನಿಮ್ಮ ತಮ್ಮನವರೂ ಚಿಕ್ಕಂದಿನಲ್ಲಿ ಎಲ್ಲೋ ಹೊಯ್ದೇ ದೊಡ್ಡವರಾದದ್ದು ಅತ್ತಿಗೆ, ಅನ್ನಬೇಕಿತ್ತು ನಾನು. ಅವರು ಅದನ್ನು ಚಿಕ್ಕಪೇಟೆಗೆ ಒಯ್ದು, ಅರದಿಂದ ಉಜ್ಜಿಸಿ, ತಮ್ಮನ ಹೆಸರನ್ನು ಬಿ.ಎ. ಸಮೇತ ಕೊರೆಸಿಕೊಂಡು ಬಂದರು. ನಿಮ್ಮ ತಾತ ಅದನ್ನು ಬೆಳಕಿಗೆ ಹಿಡಿದು, "ಅಕ್ಷರ ಚೆನ್ನಾಗಿ ಬಂದಿದೆ ಕಣೇ" ಅಂದರು. ಆ ಸಿಟ್ಟಿಗೆ ರಾತ್ರಿ ಸಾರಿಗೆ ಉಪ್ಪು ಹಾಕಲಿಲ್ಲ. ಅವರಿಗೆ ಗೊತ್ತೇ ಆಗಲಿಲ್ಲ.

ಮೊನ್ನೆ ರಾಮು ಹಾಗೆ ಅಂದು ಎದ್ದುಹೋದ ಮೇಲೆ, ಅಟ್ಟದಿಂದ ಆ ಬೋಗುಣಿ ಇಳಿಸಿ ನಿಮ್ಮ ಮುಂದಿಟ್ಟೆನಲ್ಲ. "ಏನ್ ಬರ್ದಿದೆ, ಓದಜ್ಜಿ" ಅಂದಿರಿ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ, ಅವರು ಹೋದ ಮೇಲೂ. ಅದಕ್ಕೇ ಅಕ್ಷರದ ಮೇಲೆ ಬೆರಳಾಡಿಸುತ್ತ ಅರ ಉಜ್ಜುವ ಮೊದಲು ಅಲ್ಲಿದ್ದ ರಾಮುವಿನ ಸಾಲನ್ನೇ ಓದಿದೆ. ನಿಮ್ಮಲ್ಲಿ ದೊಡ್ಡವನು ಬೋಗುಣಿ ನೋಡಿ, ನನ್ನ ಮುಖ ನೋಡಿ, ತಂಗಿಯ ಕಿವಿಯಲ್ಲಿ "ಪಾಪ, ಅಜ್ಜಿಗೆ ಓದಕ್ಕೇ ಬರಲ್ಲ ಕಣೇ" ಅಂದ. ನನಗೆ ಕೇಳಿಸಿತು, ಮೈಯೆಲ್ಲ ಉರಿಯಿತು. ಆದರೂ ಸುಮ್ಮನಿದ್ದೆ. ಬರುತ್ತೆ ಕಣೋ ಅಂದಿದ್ದರೆ, ಅವರ ಹೆಸರನ್ನು ಓದಿ ತೋರಿಸಬೇಕಾಗುತ್ತಿತ್ತು.