ಮೊಣಕೈಗೆ ಹಸಿರು ಚುಕ್ಕೆ

ನಮ್ಮೆಜಮಾನರ ಬಲ ಮೊಣಕೈ ಪಾಸಾಯಿತು! ನಗುವವರು ನಗಲಿ, ನಾನಂತೂ ಬೆಳಿಗ್ಗೆಯೇ ಬೀದಿಯ ಏಳು ಮನೆಗೂ ಸಕ್ಕರೆ ಹಂಚಿ ಬಂದಿದ್ದೇನೆ.

ಇಂಥ ಮನುಷ್ಯ ಪೀಣ್ಯದಲ್ಲಿ ಇನ್ನೊಬ್ಬರಿಲ್ಲ, ಬೇಕಾದರೆ ಹುಡುಕಿ ನೋಡಿ. ಕಾರ್ಖಾನೆಯಲ್ಲಿ ಅವರದು ತಯಾರಾದ ಸಾಮಾನು ಅಳೆದು ನೋಡುವ ಕೆಲಸ. ಸರಿಯಿದ್ದರೆ ಹಸಿರು ಚುಕ್ಕೆ, ಕೆಟ್ಟಿದ್ದರೆ ಕೆಂಪು ಟ್ರೇ. ಮನೆಯಲ್ಲಿ ನನ್ನ ಮುದ್ದೆಗೂ ಅದೇ ತಪಾಸಣೆ!

"ಇದು ಒಂದ್ ಕಡೆ ಉಬ್ಬೈತೆ ಕಣೇ."

"ಉಬ್ಬಿರೋ ಕಡೆಯಿಂದ್ಲೇ ಮುರ್ಕೊಂಡು ತಿನ್ನಿ!"

ಅಂಥವರಿಗೆ ಮೈಯೆಲ್ಲ ಹೊಟ್ಟು ಉದುರುವ ಸೋರಿಯಾಸಿಸ್ ಬಂತು. ಇದು ಅಂಟುರೋಗವಲ್ಲ ಎಂದು ಡಾಕ್ಟರಮ್ಮ ಬಡಕೊಂಡರು. ಇವರು ಕೇಳಬೇಕಲ್ಲ? ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗಿಬಿಟ್ಟರು. "ರಿಜೆಕ್ಟ್ ಮಾಲನ್ನ ಒಳ್ಳೇ ಮಾಲಿನ ಜೊತೆ ಇಡಂಗಿಲ್ಲ ಕಣೇ." ಮೊಮ್ಮಗಳು ಹುಟ್ಟಿ ವರ್ಷವಾದರೂ ಎತ್ತಿಕೊಳ್ಳಲಿಲ್ಲ. ಮಾರು ದೂರದಿಂದಲೇ ಚಿಟಿಕೆ ಹೊಡೆಯುವುದು, ಅಷ್ಟೇ.

ಪೇಟೆಯ ಆಸ್ಪತ್ರೆಯಲ್ಲಿ ಬೆಳಕಿನ ಚಿಕಿತ್ಸೆ ಶುರುವಾಯಿತು. ಮಾತ್ರೆ ನುಂಗಿ, ಎರಡು ಗಂಟೆ ಕಾದು, ಒಳಗೆಲ್ಲ ಟ್ಯೂಬ್‌ಲೈಟ್ ಇರುವ ಬೀರುವಿನಂಥದ್ದರಲ್ಲಿ ಬಟ್ಟೆ ಬಿಚ್ಚಿ ನಿಲ್ಲಬೇಕು. ಆಮೇಲೆ ದಿನವೆಲ್ಲ ಕಪ್ಪು ಕನ್ನಡಕ. ಆ ಕನ್ನಡಕದಲ್ಲೇ ಒಂದು ಸಂಜೆ ಬಾಗಿಲಲ್ಲಿ ನಿಂತ ಎಮ್ಮೆಯನ್ನು ಬೀಗರೆಂದುಕೊಂಡು, "ಬನ್ನಿ ಬನ್ನಿ, ಒಳಗ್ ಬನ್ನಿ" ಎಂದರು. ಅದು ಬಂದೇಬಿಟ್ಟಿತು!

ಎರಡು ತಿಂಗಳಾದರೂ ಎಡ ಮೊಣಕೈ ಮುಕ್ಕಾಲು ಪಾಲು ವಾಸಿಯಾದದ್ದು ಬಿಟ್ಟರೆ ಬೇರೆಲ್ಲೂ ಗುಣ ಕಾಣಲಿಲ್ಲ. ಡಾಕ್ಟರಮ್ಮ ತಲೆ ಕೆಡಿಸಿಕೊಂಡು ಒಂದು ದಿನ ಆ ಬೀರುವಿನ ಬಾಗಿಲು ತೆಗೆದರೆ, ಬಸ್ಸಿನ ಚಳಿಗೆಂದು ಒಯ್ಯುತ್ತಿದ್ದ ಕಂಬಳಿ ಹೊದ್ದು, ಎಡ ಮೊಣಕೈ ಒಂದನ್ನೇ ಹೊರಗೆ ಚಾಚಿ ನಿಂತಿದ್ದಾರೆ ಮಹಾರಾಯರು!

"ಏನ್ರೀ ಇದು ಅವತಾರ?"

"ಮೊದಲ್ನೇ ಪೀಸ್ ಪಾಸಾಗ್ದೆ ಮಿಕ್ಕಿದ್ದನ್ನ ಮಿಷನ್‌ಗೆ ಕೊಡಂಗಿಲ್ಲ ಮೇಡಂ. ನಮ್ ಪದ್ಧತಿ."

ಡಾಕ್ಟರಮ್ಮ ಕಂಬಳಿ ಕಿತ್ತು, ಜೊತೆಗೆ ಹೋಗಿದ್ದ ನನ್ನ ಕೈಗೆ ಕೊಟ್ಟರು. "ಇನ್ಮೇಲೆ ಇದನ್ನ ನೀವೇ ಇಟ್ಕೊಳ್ಳಿ ಅಮ್ಮ!"

ಆಮೇಲೆ ಎಡ ಮೊಣಕೈ ಪಾಸು, ಬೆನ್ನು ಪಾಸು, ಮೊಣಕಾಲು ಪಾಸು. ಉಳಿದಿದ್ದು ಬಲ ಮೊಣಕೈ. ಇವತ್ತು ಬೆಳಿಗ್ಗೆ ಅದನ್ನೂ ಭೂತಗನ್ನಡಿ ಹಿಡಿದು ನೋಡಿ, ತಾವೇ ಹಸಿರು ಚುಕ್ಕೆ ಇಟ್ಟುಕೊಂಡರು.

ಸಂಜೆ ನಾನು ಅವರ ತಟ್ಟೆಯನ್ನು ನಡುಮನೆಯ ಸಾಲಿನಲ್ಲಿಟ್ಟೆ. ಹೊಸಿಲ ಬಳಿಯೇ ನಿಂತರು. ಪಾಸು ಮಾಡಿದ ಮನುಷ್ಯನಿಗೇ ನಂಬಿಕೆಯಿಲ್ಲ! ಅಷ್ಟರಲ್ಲಿ ಮೊಮ್ಮಗಳು ತಟ್ಟಾಡುತ್ತ ಹೋಗಿ ಅವರ ಪಂಚೆ ಹಿಡಿದು ಎರಡೂ ಕೈ ಮೇಲೆತ್ತಿದಳು. ಬಗ್ಗಿದರು, ಎತ್ತಿಕೊಂಡರು. ಅವಳು ಹಸಿರು ಚುಕ್ಕೆಗೆ ಬಾಯಿ ಹಾಕಿದಳು.

ಮಗ, ಸೊಸೆ, ನಾನು, ತೊಡೆಯ ಮೇಲೆ ಮಗು ಕೂರಿಸಿಕೊಂಡ ಅವರು, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡೆವು. ಖುಷಿಯಲ್ಲಿ ನಾನು ಅವಸರಕ್ಕೆ ಕಟ್ಟಿದ ಮುದ್ದೆ ಒಂದು ಕಡೆ ಉಬ್ಬಿಯೇ ಇತ್ತು. ಅವರು ನೋಡಲೇ ಇಲ್ಲ.