ಮಠದ ಡಬ್ಬಿ, ಪುಕ್ಕಟೆ ಪ್ರೊಫೆಸರು

ಕಾಶಿಗೆ ಬಂದವರೆಲ್ಲ ತಮ್ಮ ಪಾಪ ತೊಳೆದುಕೊಂಡು ಹೋಗುತ್ತಾರೆ. ನಾನು ಮಾತ್ರ ಕಾಶಿಯನ್ನೇ ತೊಳೆದುಬಿಡುತ್ತೇನೆಂದು ಹೊರಟವನು! ಗಂಗೆಯಿಂದಲ್ಲ, ಲಿನಕ್ಸ್‌ನಿಂದ.

ನಾನು ಚಿದಾನಂದ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಶಿವಾಲದಲ್ಲಿ ಬಾಡಿಗೆ ಮನೆ. ನಮ್ಮ ಕನ್ನಡದವರ ಮಠದ ಯಾತ್ರಿನಿವಾಸದಲ್ಲಿದ್ದ ಕಂಪ್ಯೂಟರಿನಿಂದ ಕಳ್ಳ ಸಾಫ್ಟ್‌ವೇರನ್ನು ಓಡಿಸಿ, ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶದ ದೀಕ್ಷೆ ಕೊಟ್ಟು, ಯಾತ್ರಿಕರ ಕೋಣೆಗಳ ಬುಕಿಂಗನ್ನು ಅದರೊಳಗೆ ಪ್ರತಿಷ್ಠಾಪಿಸಿದ ಮಹಾನುಭಾವ ನಾನೇ. ಈಗ ಲಿನಕ್ಸ್‌ನ ಹೊಸ ಆವೃತ್ತಿ ಬಂದಿತ್ತು. ಶಿವರಾತ್ರಿ ಬರುವುದರೊಳಗೆ ಮಠದ ಯಂತ್ರವನ್ನು ಹೊಸ ಆವೃತ್ತಿಗೆ ಏರಿಸಿಯೇ ತೀರುತ್ತೇನೆಂದು ಪಣ ತೊಟ್ಟೆ. ಯಾರೂ ಕೇಳಿರಲಿಲ್ಲ. ಮಹಾಕಾರ್ಯಗಳನ್ನು ಯಾರೂ ಕೇಳುವುದಿಲ್ಲ!

ಮಠದ ವ್ಯವಸ್ಥಾಪಕ ವೀರಭದ್ರಯ್ಯನವರು ಹುಟ್ಟಾ ಅನುಮಾನದ ಮನುಷ್ಯ. ಹಾಲಿನವನನ್ನು ನಿಲ್ಲಿಸಿಕೊಂಡು, ಹಾಲು ಕಾಯಿಸಿ, ಕೆನೆ ಕಟ್ಟಿದ ಮೇಲೆಯೇ ಅವನನ್ನು ಬಿಡುವವರು.

"ಈ ಹೊಸಾದಕ್ಕ ಎಷ್ಟ್ ಕೊಡಬೇಕ್ರಿ ಸಾಹೇಬ್ರ?"

"ಪುಕ್ಕಟೆ ಅಯ್ಯನವರೇ!"

ಅವರ ಹುಬ್ಬು ಹಣೆಯ ವಿಭೂತಿಯವರೆಗೆ ಏರಿತು. "ಕಾಶ್ಯಾಗ ಅರ್ಧಾ ಆಯುಷ್ಯ ಕಳದೇನಿ. ದೋಣಿ ಪುಕ್ಕಟ, ದರ್ಶನ ಪುಕ್ಕಟ, ಸೀರಿ ಬರೇ ನೋಡ್ರಿ ಪುಕ್ಕಟ. ಇಲ್ಲಿ ಪುಕ್ಕಟ ಅಂದವರ ಹಿಂದ ಹ್ವಾದವ ಒಬ್ಬನೂ ಪುಕ್ಕಟ ತಿರುಗಿ ಬಂದಿಲ್ರಿ."

"ಛೆ ಛೆ! ಇದು ಲೋಕದ ಸಜ್ಜನರೆಲ್ಲ ಸೇರಿ ಬರೆದು ಲೋಕಕ್ಕೆ ಕೊಟ್ಟದ್ದು."

"ಯಾಕ ಕೊಟ್ರು?"

"ಒಳ್ಳೆಯ ಮನಸ್ಸಿನಿಂದ."

"ಅದ ನನಗ ಸಂಶೇ."

ಈ ಅಜ್ಞಾನದ ಕೋಟೆಯನ್ನು ಒಂದೇ ಏಟಿಗೆ ಒಡೆಯಬೇಕೆನ್ನಿಸಿತು. ಎದೆ ತಟ್ಟಿ ಹೇಳಿದೆ: "ಒಬ್ಬನೇ ಒಬ್ಬ ಯಾತ್ರಿಕನಿಗೆ ಈ ಯಂತ್ರದಿಂದ ಕೋಣೆ ತಪ್ಪಿದರೆ ನಮ್ಮ ಮನೆಗೆ ಕಳಿಸಿ! ನಾನು ನೋಡಿಕೊಳ್ಳುತ್ತೇನೆ!"

ವೀರಭದ್ರಯ್ಯನವರು ಸ್ವಲ್ಪ ಯೋಚಿಸಿದರು. "ಬರೇ ಊಟಾನೋ, ಹಾಸಿಗೀನೂ ಐತೋ?"

"ಎರಡೂ!"

"ಹಂಗಾರ ಈ ಡಬ್ಬಿ ಒಯ್ಯಿರಿ," ಎಂದರು. ಇಷ್ಟು ಬೇಗ ಒಪ್ಪಿದ್ದಕ್ಕೆ ನನಗೇ ಅನುಮಾನ ಬರಬೇಕಿತ್ತು. ಗೆದ್ದವನಿಗೆ ಅನುಮಾನ ಎಲ್ಲಿಂದ ಬರುತ್ತದೆ?

ಬ್ರಾಡ್‌ಬ್ಯಾಂಡ್ ಇದ್ದದ್ದು ನಮ್ಮ ಮನೆಯಲ್ಲಿ. ಆದ್ದರಿಂದ ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೈಕಲ್ ರಿಕ್ಷಾದಲ್ಲಿ, ಗೋದೌಲಿಯಾದ ಜನಸಾಗರವನ್ನು ಸೀಳಿಕೊಂಡು ಬಂದೆ. ಡಬ್ಬಿಗೆ ಮಠದವರು ವಿಭೂತಿ ಪಟ್ಟೆ ಬಳಿದು ಚೆಂಡುಹೂ ಮುಡಿಸಿದ್ದರು. ದಾರಿಯಲ್ಲಿ ಒಬ್ಬಾಕೆ ಅದಕ್ಕೆ ಕೈ ಮುಗಿದಳು. ನಾನು ಆಶೀರ್ವಾದ ಮಾಡಿದೆ.

ನನ್ನ ಹೆಂಡತಿ ವಿನೋದಾ ಕೈ ಮುಗಿಯಲಿಲ್ಲ.

"ಮಠದ್ದು ನಮ್ಮ ಮನೆಗೆ ಯಾಕೆ ಬಂತು? ಕೆಡಿಸಿದ್ರಾ?"

"ಇನ್ನೂ ಮುಟ್ಟೇ ಇಲ್ಲ ಕಣೇ!"

"ಓ, ಇನ್ನು ಮೇಲಾ?"

ಡಬ್ಬಿಯನ್ನು ನಮ್ಮ ಮನೆಯ ಪರದೆಗೆ ಜೋಡಿಸಿ ಕೆಲಸ ಶುರು ಮಾಡಿದೆ. ಪರದೆಯ ಮೇಲೆ ಅಕ್ಷರಗಳು ಸರಸರನೆ ಓಡತೊಡಗಿದವು. ಅದು ಮುಗಿಯಲು ಗಂಟೆಗಟ್ಟಲೆ ಬೇಕು. ಚಪ್ಪಲಿ ಮೆಟ್ಟುತ್ತ ಅಪ್ಪಣೆ ಹೊರಡಿಸಿದೆ: "ಇದನ್ನು ಯಾರೂ ಮುಟ್ಟಬಾರದು. ಇದರ ಸುದ್ದಿಯನ್ನೂ ನನ್ನ ಹತ್ತಿರ ಎತ್ತಬಾರದು. ಇದು ಹೃದಯದ ಆಪರೇಷನ್!"

"ಡಾಕ್ಟ್ರು ಎಲ್ಲಿಗೆ ಹೊರಟ್ರಿ?"

"ಮಠಕ್ಕೆ. ವಿಷಯ ತಿಳಿಸಿ ಬರ್ತೀನಿ."

"ಎದೆ ಕೊಯ್ದಿಟ್ಟು ಡಾಕ್ಟರು ಸುದ್ದಿ ಹೇಳೋಕೆ ಊರಿಗೆ ಹೋಗ್ತಾರೇನ್ರೀ?"

ಹೋದೆ. ಮಠದಲ್ಲಿ ಸಿಕ್ಕಿದವರಿಗೆಲ್ಲ ಸ್ವತಂತ್ರ ತಂತ್ರಾಂಶದ ಮಹಿಮೆ ಸಾರಿದೆ. ಮಧ್ಯೆ ವಿನೋದಾಳ ಫೋನ್ ಬಂತು. "ಭಾಷಣ ಮಾಡ್ತಿದ್ದೀನಿ, ಇಡು," ಎಂದೆ. ಮನೆಗೆ ಬಂದು ನೋಡಿದರೆ ಪರದೆ ಕಪ್ಪು! ಮೌಸ್ ಅಲ್ಲಾಡಿಸಲಿಲ್ಲ, ಕೀಲಿ ಒತ್ತಲಿಲ್ಲ. ತಜ್ಞನಿಗೆ ಅದೆಲ್ಲ ಬೇಕೇ? ಯಂತ್ರ ಸತ್ತಿದೆ ಎಂದು ತೀರ್ಪು ಕೊಟ್ಟು, ನೇರವಾಗಿ ಪವರ್ ಗುಂಡಿಯನ್ನೇ ಅದುಮಿ ಹಿಡಿದೆ. ಮತ್ತೆ ಹಚ್ಚಿದೆ. ಕಪ್ಪು ಪರದೆಯ ಮೇಲೆ ಬೆಳ್ಳಗೆ ಎರಡು ಪದ ಮೂಡಿ ನಿಂತವು: ಕರ್ನೆಲ್ ಪ್ಯಾನಿಕ್.

ವಿನೋದಾ ಇಣುಕಿದಳು. "ಏನಂತೆ?"

"ಯಂತ್ರದ ಅಂತರಾತ್ಮಕ್ಕೆ ಗಾಬರಿಯಾಗಿದೆ."

"ನೀವು ಬಂದಿದ್ದು ಗೊತ್ತಾಯ್ತೇನೋ."

ನನ್ನ ಒಳಗಿನ ಪತ್ತೇದಾರ ಎದ್ದು ಕುಳಿತ. ಇದು ವಿಧ್ವಂಸಕ ಕೃತ್ಯ! ಮೊದಲ ಅನುಮಾನ ಕಿಟಕಿಯಾಚೆ ತಂತಿಯ ಮೇಲೆ ಉಯ್ಯಾಲೆಯಾಡುತ್ತಿದ್ದ ಕೋತಿಯ ಮೇಲೆ. ಅದು ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಎರಡನೆಯದು ಕೆಳಮನೆಯ ಗೋಪಿನಾಥನ ಮೇಲೆ; ಲಿನಕ್ಸ್ ಬಗ್ಗೆ ನನ್ನ ಉಪನ್ಯಾಸ ಕೇಳಿದಂದಿನಿಂದ ಮೆಟ್ಟಿಲಲ್ಲಿ ನನ್ನನ್ನು ಕಂಡರೆ ಸುಮ್ಮಸುಮ್ಮನೆ ಮೊಬೈಲ್ ಕಿವಿಗಿಟ್ಟುಕೊಳ್ಳುತ್ತಾನೆ. ಮೂರನೆಯದು ಮನೆಯೊಳಗೇ ಇತ್ತು.

"ವಿನೋದಾ, ನಿಜ ಹೇಳು. ಮಿಕ್ಸಿ ಹಾಕಿದೆಯಾ?"

"ಇವತ್ತು ಚಪಾತಿ. ಚಪಾತಿಗೆ ಮಿಕ್ಸಿ ಹಾಕ್ತಾರಾ?"

"ಮತ್ತೆ ಇದು ಹೇಗೆ ನಿಂತಿತು?"

"ಅದು ನಿಂತಿರಲಿಲ್ಲ, ಕಾಯ್ತಾ ಇತ್ತು. 'ಹಳೇ ಸೆಟ್ಟಿಂಗ್ ಇಟ್ಕೊಳ್ಳಲೋ, ಹೊಸದು ಹಾಕಲೋ' ಅಂತ ಏನೋ ಕೇಳಿ, ಉತ್ತರಕ್ಕೆ ಕಾದೂ ಕಾದೂ ಕಣ್ಣು ಮುಚ್ಕೊಳ್ತು. ಮುಟ್ಟಬೇಡ ಅಂದಿದ್ರಿ, ಮುಟ್ಟಲಿಲ್ಲ. ಫೋನ್ ಮಾಡಿದೆ, ಇಡು ಅಂದ್ರಿ, ಇಟ್ಟೆ."

ಎಚ್ಚರವಿದ್ದ ರೋಗಿಯ ಕತ್ತನ್ನು ನಾನೇ ಹಿಸುಕಿದ್ದೆ!

"ಕೇಳಿದ್ದಕ್ಕೆ ನೀವು ಉತ್ತರ ಕೊಡಲ್ಲ ಅನ್ನೋದು ನನಗೆ ಅಭ್ಯಾಸ ಆಗಿದೆ," ಎಂದಳು ವಿನೋದಾ. "ಅದು ಹೊಸದು, ಪಾಪ. ಗಾಬರಿಯಾಯ್ತು."

ಅಷ್ಟರಲ್ಲಿ ವೀರಭದ್ರಯ್ಯನವರ ಫೋನ್.

"ಸಾಹೇಬ್ರ, ಡಬ್ಬಿ ತಯಾರ್ ಆತೇನು? ಇಲ್ಲಿ ಕಲಬುರಗಿ ಕಡಿಂದ ಏಳೆಂಟು ಮಂದಿ ಬಂದಾರ. ಶರಣಬಸಮ್ಮ ಅಂತ ವಯಸ್ಸಾದ ಹೆಣ್ಮಗಳು, ಆಕಿ ಬಳಗ. ರೂಮ್ ಕೇಳ್ತಾರ."

"ಅದು... ಸಣ್ಣ ತೊಂದರೆ ಅಯ್ಯನವರೇ. ಹೆಸರುಗಳೆಲ್ಲ ಒಳಗೇ ಸಿಕ್ಕಿಕೊಂಡಿವೆ."

"ಒಳಗ ಅಂದ್ರ ನಿಮ್ಮ ಮನ್ಯಾಗ. ಹಂಗಾರ ಮಂದೀನೂ ನಿಮ್ಮ ಮನಿಗೇ ಬರಬೇಕಲ್ರಿ?"

ನನ್ನ ಮಾತು ನನ್ನ ಕುತ್ತಿಗೆಗೆ! ಶಿವರಾತ್ರಿಯ ಕಾಶಿಯಲ್ಲಿ ಲಾಡ್ಜು, ಧರ್ಮಶಾಲೆ, ಘಾಟಿನ ಮೆಟ್ಟಿಲು ಎಲ್ಲವೂ ಭರ್ತಿ. ನನ್ನ ತಪ್ಪಿನಿಂದ ಒಬ್ಬ ಮುದುಕಿ ಬೀದಿಯಲ್ಲಿ ಮಲಗಬೇಕೇ? ವಿನೋದಾಳಿಗೆ ಹೇಳಿದೆ.

"ಕರ್ಕೊಂಡು ಬನ್ನಿ," ಎಂದಳು ತಕ್ಷಣ. ಆಮೇಲೆ ಕಣ್ಣು ಕಿರಿದಾಗಿಸಿ, "ಅಲ್ರೀ, ಹೆಸರು ಸಿಕ್ಕಿಕೊಂಡಿರೋದು ಇವರೊಬ್ಬರದೇನಾ? ಇಡೀ ಮಠ ತುಂಬಿದೆ, ಉಳಿದವರು ಯಾರೂ ಗಲಾಟೆ ಮಾಡಲಿಲ್ಲವಲ್ಲ?"

"ಎಲ್ಲದಕ್ಕೂ ಅನುಮಾನ ನಿನಗೆ!" ಎಂದು ಓಡಿದೆ.

ಮಠದ ಬಾಗಿಲಲ್ಲಿ ಚೀಲ, ಗಂಟುಗಳ ಕೋಟೆಯ ನಡುವೆ ಶರಣಬಸಮ್ಮ ಸೇನಾಪತಿಯಂತೆ ಕುಳಿತಿದ್ದರು. ನಾನು ಬಾಗಿ, ಮುಖದ ತುಂಬ ನಗು ತಂದುಕೊಂಡು ಅಂದೆ: "ಅಮ್ಮಾ, ಕರ್ನಾಟಕದವರಲ್ವಾ? ಬನ್ನಿ, ನಮ್ಮ ಮನೆಗೆ ಹೋಗೋಣ. ಊಟ, ಹಾಸಿಗೆ ಎಲ್ಲಾ ಪುಕ್ಕಟೆ!"

ಆಕೆ ಪಕ್ಕದಲ್ಲಿದ್ದ ಮೀಸೆಯ ಗಂಡಸನ್ನು ತಿವಿದರು. "ಏ ಕಾಂತೇಶಾ, ಚೀಲಾ ಗಟ್ಟಿ ಹಿಡಿ. ರೈಲಿನ್ಯಾಗ ಹೇಳಿದ್ದ ಮನಷಾ ಬಂದಾನ."

"ಯಾವ ಮನುಷ್ಯ ಅಮ್ಮಾ?"

"ಕಾಶ್ಯಾಗ ಕನ್ನಡ ಮಾತಾಡ್ಕೋತ ಬರ್ತಾರ, ನಕ್ಕೋತ ಪುಕ್ಕಟ ಅಂತಾರ, ಗಲ್ಲಿಯೊಳಗ ಕರ್ಕೊಂಡು ಹೋಗ್ತಾರ, ಅವರ ಸಂಗಟ ಹೋಗಬ್ಯಾಡ್ರಿ ಅಂತ ಹೇಳ್ಯಾರ."

"ನಾನು ಪ್ರೊಫೆಸರ್ ಅಮ್ಮಾ!"

"ಅವರೂ ಹಂಗ ಅಂತಾರಂತ."

ಗುರುತಿನ ಚೀಟಿ ತೋರಿಸಿದೆ. ಕಾಂತೇಶ ಅದನ್ನು ಬೆಳಕಿಗೆ ಹಿಡಿದು, ನನ್ನ ತಲೆ ನೋಡಿ, ಚೀಟಿ ನೋಡಿ, "ಇದರಾಗಿನವಗ ಕೂದಲ ಅದಾವಲ್ರಿ," ಎಂದ. ಸುತ್ತ ಜನ ಸೇರಿದರು. ಸಿಪಾಯಿಯೊಬ್ಬ ಲಾಠಿ ಆಡಿಸುತ್ತ ಬಂದು, "ಕೌನ್ ಹೋಟಲ್ ಕೇ ಹೋ, ಗುರು?" ಎಂದು ಕೇಳಿದ. ಯಾವ ಹೋಟೆಲಿನ ದಲ್ಲಾಳಿ ಎಂದು! ಇಪ್ಪತ್ತು ವರ್ಷ ಗಂಗಾಬಯಲಿನ ಮಣ್ಣಿನ ಬಗ್ಗೆ ಪಾಠ ಮಾಡಿದವನ ಮಾನ ಆ ಮಣ್ಣಿನಲ್ಲೇ ಬಿತ್ತು.

"ಅಯ್ಯನವರೇ!" ಎಂದು ಮಠದೊಳಕ್ಕೆ ಕೂಗಿದೆ. "ನಾನು ಯಾರು ಅಂತ ಹೇಳಿ ಇವರಿಗೆ!"

ವೀರಭದ್ರಯ್ಯನವರು ನಿಧಾನವಾಗಿ ಹೊರಬಂದರು. "ಇವರನ್ನ ನಾ ಬಲ್ಲೆನ್ರಿ, ಯವ್ವಾ. ಇವರು ಪುಕ್ಕಟ ಅಂದದ್ದನ್ನ ನಾನೂ ಒಮ್ಮೆ ತಗೊಂಡೇನಿ."

ಅದೊಂದು ಸಾಕ್ಷಿಯೇ! ಮುದುಕಿ ಇನ್ನೊಂದು ಚೀಲವನ್ನೂ ತೊಡೆಯ ಕೆಳಗೆ ಎಳೆದುಕೊಂಡರು. ಬೇರೆ ದಾರಿ ಕಾಣದೆ ವಿನೋದಾಳಿಗೆ ಫೋನ್ ಹಚ್ಚಿ ಶರಣಬಸಮ್ಮನವರ ಕೈಗೆ ಕೊಟ್ಟೆ.

"ತಂಗಿ, ನೀ ಇವನ ಹೆಂಡ್ತಿ ಏನವಾ? ಖರೇ ಹೇಳು. ನಿಮ್ಮನ್ಯಾಗ ಜ್ವಾಳದ ರೊಟ್ಟಿ ಸಿಗ್ತಾವೇನು?"

ವಿನೋದಾಳ ಉತ್ತರ ನನಗೂ ಕೇಳಿಸಿತು. "ಇಲ್ಲ ಅಮ್ಮಾ, ಇಲ್ಲಿ ಒಳ್ಳೇ ಜೋಳದ ಹಿಟ್ಟೇ ಸಿಗಲ್ಲ. ಚಪಾತಿ ಇದೆ. ಅದೂ ಸ್ವಲ್ಪ ಗಟ್ಟಿ ಆಗಿದೆ."

ಶರಣಬಸಮ್ಮ ಫೋನ್ ಕೊಟ್ಟು ಎದ್ದು ನಿಂತರು. "ನಡೀರಿ ಹೋಗೂಣು. ದಲ್ಲಾಳಿ ಮನಿಯಾಕಿ ಆಗಿದ್ರ ಎಲ್ಲಾ ಸಿಗತೈತಿ ಅಂತಿದ್ಲು. ಹಿಟ್ಟ ನಮ್ಮ ಸಂಗಟ ಐತಿ."

ನನ್ನ ಪದವಿ ಮಾಡದ ಕೆಲಸವನ್ನು ಗಟ್ಟಿ ಚಪಾತಿ ಮಾಡಿತು! ರಿಕ್ಷಾಗಳ ಮೆರವಣಿಗೆ ಶಿವಾಲ ತಲುಪಿತು. ಆದರೂ ನನ್ನ ಮೇಲಿನ ಅನುಮಾನ ಹೋಗಿರಲಿಲ್ಲ. ಚಹಾ ಕೊಟ್ಟರೆ, "ಮೊದಲ ನೀ ಕುಡಿ," ಎಂದರು ಶರಣಬಸಮ್ಮ. ನಾನು ಕುಡಿದು, ಬದುಕಿ ತೋರಿಸಿದ ಮೇಲೆ ಎಲ್ಲರೂ ಕುಡಿದರು.

ಇನ್ನು ಯಂತ್ರವನ್ನು ಬದುಕಿಸಬೇಕು. ಸಿ.ಡಿ.ಯಿಂದಲೇ ಯಂತ್ರವನ್ನು ಎಬ್ಬಿಸಬಹುದಾದ ಲಿನಕ್ಸ್ ಡಿಸ್ಕುಗಳು ನನಗೆ ಹಿಂದೆ ವಿದೇಶದಿಂದ ಅಂಚೆಯಲ್ಲಿ ಬಂದಿದ್ದವು. ಕಪಾಟಿನಲ್ಲಿರಲಿಲ್ಲ.

"ಆ ಪುಕ್ಕಟೆ ಬಂದ ತಟ್ಟೆಗಳಾ? ಬಾಲ್ಕನೀಲಿ ಕಟ್ಟಿದ್ದೀನಲ್ಲ," ಎಂದಳು ವಿನೋದಾ. ನೋಡಿದರೆ ಪಾರಿವಾಳಗಳನ್ನು ಹೆದರಿಸಲು ನನ್ನ ಡಿಸ್ಕುಗಳು ದಾರದಲ್ಲಿ ಫಳಫಳನೆ ತೂಗುತ್ತಿದ್ದವು! ಪಾರಿವಾಳಗಳು ಹೆದರಿದಂತೆ ಕಾಣಲಿಲ್ಲ. ಡಿಸ್ಕುಗಳ ಮೇಲೆ ತಮ್ಮ ಅಭಿಪ್ರಾಯವನ್ನು ಬಿಳಿಯಲ್ಲಿ ದಾಖಲಿಸಿದ್ದವು. ತೊಳೆದು, ಒರೆಸಿ, ಒಂದೊಂದಾಗಿ ಹಾಕಿದೆ. ಕೊನೆಯದು ಗರ್ರೆಂದು ತಿರುಗಿತು. ಪರದೆ ಬೆಳಗಿತು! ಯಂತ್ರದ ಹೊಟ್ಟೆಯೊಳಗೆ ಹೊಕ್ಕು, ಅರ್ಧಕ್ಕೆ ನಿಂತಿದ್ದ ಕೆಲಸವನ್ನು ಮುಂದುವರಿಸಿದೆ. ಬೆನ್ನ ಹಿಂದೆ ಇಡೀ ಕಲಬುರಗಿ ಕಾವಲು ಕುಳಿತಿತ್ತು.

ಮತ್ತೆ ಅದೇ ಪ್ರಶ್ನೆ: ಹಳೆಯದೋ, ಹೊಸದೋ?

"ಉತ್ತರ ಕೊಡ್ರೀ, ಪಾಪ," ಎಂದಳು ವಿನೋದಾ.

ಹಳೆಯದೇ ಇರಲಿ ಎಂದೆ. ಕೆಲಸ ಮುಗಿಯಿತು. ಡಿಸ್ಕು ತೆಗೆದು ಹಚ್ಚಿದೆ. ಗಾಬರಿಯಿಲ್ಲ, ಬೊಬ್ಬೆಯಿಲ್ಲ, ಯಂತ್ರ ಎದ್ದು ಕುಳಿತಿತು! ದಿಗ್ವಿಜಯಿಯಂತೆ ಕುರ್ಚಿ ತಿರುಗಿಸಿ, "ಅಮ್ಮಾ, ಈಗ ನಿಮ್ಮ ಕೋಣೆ ಯಾವುದೆಂದು ನೋಡಿ!" ಎಂದು ಬುಕಿಂಗ್ ಪಟ್ಟಿ ತೆರೆದೆ.

ಪಟ್ಟಿಯಲ್ಲಿ ಒಂದೇ ಸಾಲಿತ್ತು.

'ಕೋಣೆ ಒಂದು. ಪ್ರೊ. ಚಿದಾನಂದ. ಒಬ್ಬರು.'

ಉದ್ಘಾಟನೆಯ ದಿನ, ಹೀಗೆ ತುಂಬಬೇಕು ಎಂದು ತೋರಿಸಲು ನಾನೇ ಬರೆದದ್ದು. ಆಮೇಲೆ ಯಾರೂ ಅದರಲ್ಲಿ ಒಂದಕ್ಷರ ಕೂಡಿಸಿರಲಿಲ್ಲ!

ಕಾಂತೇಶ ಗಟ್ಟಿಯಾಗಿ ಓದಿದ. ಶರಣಬಸಮ್ಮ ಕೆರಳಿದರು. "ಯಾಂವ ಅಂವ ಚಿದಾನಂದ? ಇಡೀ ಮಠದಾಗ ಅಂವ ಒಬ್ಬನ ರೂಮ್ ಹಿಡದು ಕುಂತಾನಲ್ಲ!"

"ನಾನೇ ಅಮ್ಮಾ..."

"ನಾ ಮಠದ ಬಾಗಲದಾಗ ಅಂದಿದ್ನಿಲ್ಲೋ ಕಾಂತೇಶಾ!"

ವಿನೋದಾ ಪರದೆಗೆ ಇನ್ನಷ್ಟು ಹತ್ತಿರ ಬಂದಳು. "ಒಬ್ಬರು? ನಾನೆಲ್ಲಿ?"

ವೀರಭದ್ರಯ್ಯನವರಿಗೆ ಫೋನ್ ಮಾಡಿದೆ. "ಅಯ್ಯನವರೇ, ಬುಕಿಂಗನ್ನೆಲ್ಲ ಎಲ್ಲಿ ಬರೆದಿದ್ದೀರಿ?"

"ಬಾಗಲ ಮ್ಯಾಲ."

"ಬಾಗಿಲ ಮೇಲೆ?"

"ಫೋನ್ ಬಂದ ಕೂಡ್ಲೇ ರೂಮಿನ ಬಾಗಲ ಮ್ಯಾಲ ಖಡುಲೇ ಹೆಸರ ಬರೀತೀವ್ರಿ. ಹ್ವಾದ್ರ ಒರಸ್ತೀವಿ. ಕರೆಂಟ್ ಹ್ವಾದ್ರೂ ಬಾಗಲ ಹೋಗೂದಿಲ್ಲ ನೋಡ್ರಿ."

ಹದಿನೆಂಟು ತಿಂಗಳಿಂದ ಮಠ ನಡೆದಿದ್ದು ಸೀಮೆಸುಣ್ಣದಿಂದ! "ಹಾಗಾದರೆ ಶರಣಬಸಮ್ಮನವರ ಹೆಸರು ಯಾವ ಬಾಗಿಲ ಮೇಲಿದೆ?"

"ಯಾವದರ ಮ್ಯಾಲೂ ಇಲ್ಲ. ಅವರು ಹೇಳದ ಕೇಳದ ಬಂದವರು. ಮಠ ತುಂಬೈತಿ, ಮುದುಕಿನ್ನ ಎಲ್ಲಿ ಕಳಸ್ಲಿ? ನಮಗ ಗೊತ್ತಿದ್ದ ಪೈಕಿ ಊಟ, ಹಾಸಿಗಿ ಎರಡೂ ಅಂದವರು ನೀವೊಬ್ಬರ." ಅನುಮಾನದ ದನಿಯಲ್ಲಿ ಕೇಳಿದರು: "ಪುಕ್ಕಟ ಅಲ್ಲೇನ್ರಿ ಮತ್ತ?"

ಫೋನ್ ಇಟ್ಟು ತಿರುಗಿದೆ. ನಾನು ಹೇಳುವ ಮೊದಲೇ ಎಲ್ಲರೂ ಕೇಳಿಸಿಕೊಂಡಾಗಿತ್ತು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ವಿನೋದಾ ನನ್ನ ಕಾಲೇಜು ಚೀಲದಿಂದ ಸೀಮೆಸುಣ್ಣ ತೆಗೆದು, ಮಲಗುವ ಕೋಣೆಯ ಬಾಗಿಲ ಮೇಲೆ 'ಶರಣಬಸಮ್ಮ, ವಿನೋದಾ, ಹೆಂಗಸರು' ಎಂದು ಬರೆದು, ಈಗ ನನ್ನ ಓದುವ ಕೋಣೆಯ ಬಾಗಿಲ ಮೇಲೆ 'ಕಾಂತೇಶ, ಗಂಡಸರು' ಎಂದು ದುಂಡಗೆ ಬರೆಯುತ್ತಿದ್ದಳು. ಮನೆಯಲ್ಲಿ ಇನ್ನು ಬಾಗಿಲು ಉಳಿದಿರಲಿಲ್ಲ.

"ವಿನೋದಾ, ನನ್ನ ಹೆಸರು?"

ಆಕೆ ಕೈಗೆ ಹತ್ತಿದ ಸುಣ್ಣ ಒರೆಸಿಕೊಳ್ಳುತ್ತ, ನಡುಮನೆಯ ಮೂಲೆಯಲ್ಲಿ ಮಿನುಗುತ್ತಿದ್ದ ಪರದೆಯ ಕಡೆ ಗಲ್ಲ ಎತ್ತಿ ತೋರಿಸಿದಳು.

"ನಿಮಗಾಗಲೇ ಬುಕ್ ಆಗಿದೆಯಲ್ರೀ. ಕೋಣೆ ಒಂದು, ಒಬ್ಬರು. ಹೋಗಿ, ಅಲ್ಲೇ ಮಲಗಿ!"